ಎಂಬತ್ತೊಂಬತ್ತರ ಮನುಷ್ಯ

ಪ್ರಸನ್ನಕುಮಾರ್ ಸೋಮಾರಿ. ಬರೀ ಸೋಮಾರಿಯಾಗಿದ್ದರೆ ದಾಕ್ಷಾಯಣಮ್ಮ ಅವನ ವಿಷಯ ಎತ್ತುತ್ತಲೂ ಇರಲಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ಸೋಮಾರಿಗಳಿಗೇನು ಬರವಿಲ್ಲ. ಇವನು ಓದುವ ಬದಲು ವಾದ ಮಾಡಿ ಅಂಕ ಗಿಟ್ಟಿಸಬಹುದೆಂದು ನಂಬಿದ ಸೋಮಾರಿ, ಆ ನಂಬಿಕೆಯನ್ನು ನಾಲ್ಕು ಜನಕ್ಕೆ ಅಂಟಿಸಿದ ಸೋಮಾರಿ, ಅದಕ್ಕಿಂತ ಹೆಚ್ಚಾಗಿ ತನಗೆ ಲಾಭವಿಲ್ಲದ ಕಡೆ ಒಂದು ಕಡ್ಡಿಯನ್ನೂ ಎತ್ತಿ ಆಚೆ ಇಡದ ಸ್ವಾರ್ಥಿ. ಇದನ್ನು ಅವರು ಅವನ ಬೆನ್ನ ಹಿಂದೆ ಹೇಳಿದಷ್ಟೇ ಸಲ ಎದುರಿಗೂ ಹೇಳಿದ್ದರು. ಅವನು ನಗುತ್ತಿದ್ದ. ಬೈಸಿಕೊಂಡು ನಗುವವರನ್ನು ಕಂಡರೆ ದಾಕ್ಷಾಯಣಮ್ಮನವರಿಗೆ ಮೈಯೆಲ್ಲ ಉರಿಯುತ್ತಿತ್ತು.

ದಾಕ್ಷಾಯಣಮ್ಮ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಮೂವತ್ತೊಂದು ವರ್ಷ ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳಿ, ಪ್ರಿನ್ಸಿಪಾಲರಾಗಿ ನಿವೃತ್ತರಾದವರು. ಎಪ್ಪತ್ತನಾಲ್ಕರ ವಯಸ್ಸು. ಅವರ ಮನೆಯ ಮುಂದಿನ ಕೋಣೆಯಲ್ಲಿ ಒಂದು ಸ್ಟೀಲ್ ಬೀರು ತುಂಬ ಹಳೆಯ ಪಠ್ಯಪುಸ್ತಕಗಳಿದ್ದವು. ಯಾರಿಗಾದರೂ ಕೊಟ್ಟರೆ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡು, ಸಹಿ ಹಾಕಿಸಿಕೊಂಡೇ ಕೊಡುತ್ತಿದ್ದರು. ಆ ನೋಟ್‌ಬುಕ್ಕಿನಲ್ಲಿ ಅತಿ ಹೆಚ್ಚು ಸಲ ಕಾಣುವ ಹೆಸರು ಎದುರು ಮನೆಯ ಪ್ರಸನ್ನಕುಮಾರನದು. ಆದರೆ ಅವನು ಒಂದು ಪುಸ್ತಕವನ್ನೂ ಪೂರ್ತಿ ಓದಿದವನಲ್ಲ. ತನಗೆ ಬೇಕಾದ ಒಂದು ಸಾಲು ಹುಡುಕಿ, ಆ ಪುಟದ ಫೋಟೊ ಹೊಡೆದುಕೊಂಡು, ಅದೇ ಸಂಜೆ ವಾಪಸ್ ತಂದಿಡುತ್ತಿದ್ದ.

ಅವನು ಹಾಗಾಗಲು ಶುರುವಾದದ್ದು ಹದಿನಾರನೆಯ ವಯಸ್ಸಿನಲ್ಲಿ. ಅಪ್ಪ ಶಿವಮೂರ್ತಪ್ಪ ಉಕ್ಕಿನ ಕಾರ್ಖಾನೆಯ ಸ್ಟೋರಿನಲ್ಲಿದ್ದವರು, ಒಂದು ಬೋಲ್ಟು ಹೆಚ್ಚುಕಮ್ಮಿಯಾದರೂ ಊಟ ಬಿಡುವಂಥ ಮನುಷ್ಯ. ಮಗ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂವತ್ಮೂರು ತೆಗೆದು ಫೇಲಾದ. ಅಪ್ಪ ಬೆಲ್ಟು ಬಿಚ್ಚಿದರು. ಅಮ್ಮ ಕಲ್ಲಮ್ಮ ಅಡ್ಡ ಬಂದು, ಮರುಎಣಿಕೆಗೆ ಒಂದು ಅರ್ಜಿಯನ್ನಾದರೂ ಹಾಕಿ ನೋಡೋಣ ಎಂದರು. ಹಾಕಿದರು. ಯಾರೋ ಒಂದು ಪ್ರಶ್ನೆಯ ಮೂರು ಅಂಕ ಕೂಡಿಸುವುದನ್ನು ಮರೆತಿದ್ದರು. ಮೂವತ್ಮೂರು ಹೋಗಿ ಮೂವತ್ತಾರಾಯಿತು. ಕಲ್ಲಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದರು. ಮೂವತ್ತಾರೂ ನಾಚಿಕೆಗೇಡಿನ ಅಂಕವೇ ಎಂದು ಆ ಹುಡುಗನಿಗೆ ಆಗ ಯಾರೂ ಹೇಳಲಿಲ್ಲ. ಫೇಲಾದವನು ಪಾಸಾಗುವುದು ಓದಿನಿಂದಲ್ಲ, ಅರ್ಜಿಯಿಂದ ಎಂದು ಅವನು ಅರ್ಥ ಮಾಡಿಕೊಂಡ.

ಶಿವಮೊಗ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದಾಗ ನೂರಕ್ಕೆ ನಲವತ್ತೊಂಬತ್ತೂವರೆ ಚಿಲ್ಲರೆ ಬಂತು. ಬಿ.ಎಡ್.ಗೆ ಸೇರಲು ಐವತ್ತು ಬೇಕು. ಇತಿಹಾಸದ ಎರಡು ಪೇಪರುಗಳನ್ನು ಮರುಮೌಲ್ಯಮಾಪನಕ್ಕೆ ಹಾಕಿದ. ಐವತ್ತಕ್ಕಿಂತ ಒಂದು ಕೂದಲೆಳೆಯಷ್ಟು ಮೇಲೆ ಬಂದ. ಬಿ.ಎಡ್. ಕೂಡ ಹಾಗೇ ಉಸಿರು ಹಿಡಿದುಕೊಂಡು ಆಯಿತು. ದಾಕ್ಷಾಯಣಮ್ಮನವರಿಗೆ ಅವನ ಮೇಲಿರುವಷ್ಟೇ ತಾತ್ಸಾರ ಆ ನಿಯಮದ ಮೇಲೂ ಇತ್ತು. ಪಾಠ ಹೇಳುವವನಿಗೆ ನೂರಕ್ಕೆ ಐವತ್ತು ಗೊತ್ತಿದ್ದರೆ ಸಾಕಂತೆ. ಹತ್ತು ದಿನದಲ್ಲಿ ಐದು ದಿನ ಅನ್ನ ಸೀಯಿಸುವ ಅಡುಗೆಯವಳನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಮಕ್ಕಳಿಗಾದರೆ ಪರವಾಗಿಲ್ಲ, ಸೀದದ್ದನ್ನೇ ತಿನ್ನಲಿ.

ಆಮೇಲೆ ಬಂದದ್ದು ಶಿಕ್ಷಕರ ಅರ್ಹತಾ ಪರೀಕ್ಷೆ, ಎಲ್ಲರೂ ಟಿಇಟಿ ಎನ್ನುವುದು. ನೂರೈವತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದರ ಗುಂಡಿಗೆ ಪೆನ್ನಿನಿಂದ ಮಸಿ ತುಂಬಬೇಕು. ಪ್ರಸನ್ನಕುಮಾರನ ವರ್ಗದವರಿಗೆ ತೊಂಬತ್ತು ಬಂದರೆ ಪಾಸು. ಬರೆದ ಹಾಳೆಯ ಕಾರ್ಬನ್ ಪ್ರತಿಯನ್ನು ಮನೆಗೆ ಕೊಟ್ಟು ಕಳಿಸುತ್ತಾರೆ. ಕೆಲವು ದಿನಗಳಲ್ಲಿ ಸರಿಯುತ್ತರಗಳ ಪಟ್ಟಿ ಬರುತ್ತದೆ. ಅದಕ್ಕೆ ಕೀ ಎನ್ನುತ್ತಾರೆ. ಕೀ ತಪ್ಪೆಂದು ತೋರಿದರೆ ಪಠ್ಯಪುಸ್ತಕದ ಆಧಾರ ಸಮೇತ ಆಕ್ಷೇಪಣೆ ಸಲ್ಲಿಸಲು ಒಂದು ವಾರ ಅವಕಾಶ. ಒಬ್ಬರ ಆಕ್ಷೇಪಣೆ ಒಪ್ಪಿದರೂ ಕೀ ಎಲ್ಲರಿಗೂ ಬದಲಾಗುತ್ತದೆ. ಪ್ರಸನ್ನಕುಮಾರನಂಥವನ ಕೈಗೆ ಇಂಥ ಅವಕಾಶ ಕೊಟ್ಟವರಿಗೆ ಏನು ಹೇಳುವುದು! ಅವನು ಮೊದಲ ಸಲ ಎಂಬತ್ತೊಂದು ತೆಗೆದ. ಆಮೇಲೆ ಎಂಬತ್ತನಾಲ್ಕು, ಎಂಬತ್ತಾರು, ಎಂಬತ್ತೆಂಟು. ಕೊನೆಯ ಎರಡು ಸಲವೂ ಎಂಬತ್ತೊಂಬತ್ತು. ಹೀಗೆ ಹೆಚ್ಚುತ್ತ ಹೋದ ಅಂಕವೆಲ್ಲ ಆಕ್ಷೇಪಣೆಯಿಂದ ಬಂದದ್ದು. ಓದಿನಿಂದ ಬಂದದ್ದು ಮೊದಲ ಸಲ ಎಷ್ಟಿತ್ತೋ ಕೊನೆಗೂ ಹೆಚ್ಚುಕಡಿಮೆ ಅಷ್ಟೇ ಇತ್ತೆಂಬುದು ದಾಕ್ಷಾಯಣಮ್ಮನವರ ಲೆಕ್ಕ.

ಈ ವಿದ್ಯೆಯಿಂದ ಅವನಿಗೆ ಹೆಸರೂ ಬಂತು. ಆಬ್ಜೆಕ್ಷನ್ ಪ್ರಸನ್ನ. ಫೋನಿನಲ್ಲಿ ನಾನೂರು ಜನರ ಒಂದು ಬಳಗ ಕಟ್ಟಿದ. ಕೀ ಬಂದ ವಾರ ಶಿವಮೊಗ್ಗದ ಸವಳಂಗ ರಸ್ತೆಯ ಮಲ್ಲಿಕ್‌ನ ಜೆರಾಕ್ಸ್ ಅಂಗಡಿಯ ಬೆಂಚೇ ಅವನ ಕಚೇರಿ. ಎರಡು ವರ್ಷದ ಹಿಂದೆ ದಾಕ್ಷಾಯಣಮ್ಮ ಪಿಂಚಣಿಯ ಯಾವುದೋ ಕಾಗದದ ಜೆರಾಕ್ಸ್‌ಗೆಂದು ಅಲ್ಲಿಗೆ ಹೋದಾಗ ಆ ದರ್ಬಾರನ್ನು ಕಣ್ಣಾರೆ ಕಂಡರು.

"ಬನ್ನಿ ಮೇಡಂ, ನಿಮ್ಮೂರಿನ ಜಡ್ಜ್ ಸಾಹೇಬ್ರು ಇಲ್ಲೇ ಕೂತಿದಾರೆ," ಎಂದ ಮಲ್ಲಿಕ್.

ಹತ್ತಾರು ಜನ ಕಾರ್ಬನ್ ಪ್ರತಿ ಹಿಡಿದು ಸುತ್ತ ನಿಂತಿದ್ದರು. ಸುನಿಲ್ ಎಂಬ ಯುವಕ, ಐಟಿಐ ಬಿಟ್ಟು ಬಿ.ಎ. ಹಿಡಿದವನಂತೆ, ಒಂದು ಪುಸ್ತಕದ ಪುಟ ತೋರಿಸಿ ಗೋಗರೆಯುತ್ತಿದ್ದ.

"ಸಾರ್, ಎಪ್ಪತ್ತೆರಡನೇದು ಕೀ ಪಕ್ಕಾ ತಪ್ಪು ಸಾರ್. ಇಲ್ನೋಡಿ, ಪುಸ್ತಕದಲ್ಲೇ ಇದೆ. ನೀವು ಬಳಗದಲ್ಲಿ ಹಾಕಿದ್ರೆ ಎಲ್ಲಾ ಕಳಿಸ್ತಾರೆ."

ಪ್ರಸನ್ನಕುಮಾರ್ ಪುಟದ ಕಡೆ ನೋಡಲೇ ಇಲ್ಲ. ಜೇಬಿನಿಂದ ತನ್ನ ಕಾರ್ಬನ್ ಪ್ರತಿ ತೆಗೆದು ಎಪ್ಪತ್ತೆರಡನೆಯ ಸಾಲಿನ ಮೇಲೆ ಬೆರಳಿಟ್ಟ.

"ಇದು ನಂಗೆ ಬಂದಿದೆ ಮಾರಾಯ. ಬಿಟ್ಬಿಡು."

"ತಪ್ಪಲ್ವಾ ಸಾರ್ ಅದು?"

"ತಪ್ಪೋ ಸರಿಯೋ, ನನ್ ಜೇಬಿಗೆ ನಾನೇ ಕತ್ರಿ ಹಾಕ್ಕೊಳ್ಳಾ? ನಿಂಗೆ ಬೇಕಿದ್ರೆ ನೀನೊಬ್ನೇ ಕಳಿಸ್ಕೋ. ನೆಕ್ಸ್ಟ್ ಯಾರಪ್ಪಾ?"

ಎಲ್ಲರೂ ನಕ್ಕರು. ಸುನಿಲ್ ಕೂಡ ನಕ್ಕ, ಬೇರೆ ದಾರಿಯಿಲ್ಲದೆ. ದಾಕ್ಷಾಯಣಮ್ಮ ತಮ್ಮ ಜೆರಾಕ್ಸ್ ತೆಗೆದುಕೊಂಡು, "ಮಕ್ಳಿಗೂ ಇದನ್ನೇ ಹೇಳ್ಕೊಡ್ತೀಯೇನಪ್ಪಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಸ್ ನಿಲ್ದಾಣದ ಕಡೆ ನಡೆದರು. ಅಂದಿನಿಂದ ಅವನ ಬಗ್ಗೆ ಅವರ ಅಭಿಪ್ರಾಯಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮಕ್ಕಳಿಗೆ ಅವನು ಹೇಳಿಕೊಡುತ್ತಿದ್ದದ್ದು ಜನ್ನಾಪುರದ ಒಂದು ಖಾಸಗಿ ಶಾಲೆಯಲ್ಲಿ, ಆರು ಏಳನೆಯ ತರಗತಿಗೆ ಸಮಾಜ. ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದ. ಹೆಂಡತಿ ಸುಮನಾ ಮನೆಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು, ಮಗಳು ಇಂಪನಾ ಅದೇ ಶಾಲೆಯಲ್ಲಿ ಐದನೆಯ ತರಗತಿ. ಈ ವರ್ಷ ಶಾಲೆಯ ಆಡಳಿತದವರು ಒಂದು ನೋಟಿಸು ಅಂಟಿಸಿದರು: ಟಿಇಟಿ ಪಾಸಾಗದವರನ್ನು ಮುಂದಿನ ಜೂನ್‌ನಿಂದ ಮುಂದುವರಿಸಲಾಗುವುದಿಲ್ಲ. ಶಾಲೆಯಲ್ಲಿ ಹಾಗೆ ಪಾಸಾಗದೆ ಉಳಿದವರು ಇಬ್ಬರೇ. ಒಬ್ಬ ಪ್ರಸನ್ನಕುಮಾರ್, ಇನ್ನೊಬ್ಬಳು ರಶ್ಮಿ.

ರಶ್ಮಿ ಕುಂಸಿ ಕಡೆಯವಳು, ರೈತರ ಮನೆಯ ಹುಡುಗಿ. ದಾಕ್ಷಾಯಣಮ್ಮನವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಓದುತ್ತಿದ್ದಳು, ಅದೊಂದೇ ಕಾರಣಕ್ಕೆ ದಾಕ್ಷಾಯಣಮ್ಮ ಅವಳನ್ನು ಸಹಿಸಿಕೊಂಡಿದ್ದರು. ಬುದ್ಧಿ ಚುರುಕೆಂದು ಹೇಳಲಾಗದು, ನೆನಪಿನ ಶಕ್ತಿಯೂ ಅಷ್ಟಕ್ಕಷ್ಟೆ. ಆದರೆ ಒಂದು ಪಾಠವನ್ನು ಆರು ಸಲ ಓದಬೇಕೆಂದರೆ ಆರು ಸಲವೂ ಓದುವವಳು. ಪ್ರಸನ್ನಕುಮಾರ್ ಅವಳನ್ನು ಕಂಡಲ್ಲೆಲ್ಲ ಕೆಣಕುತ್ತಿದ್ದ.

"ಏನ್ ಮಾರಾಯ್ತಿ, ಪುಸ್ತಕನ ತಲೆದಿಂಬು ಮಾಡ್ಕೊಂಡಿದೀಯಾ? ಓದಿ ಓದಿ ಕನ್ನಡಕ ಬರುತ್ತೆ, ತೊಂಬತ್ತು ಬರಲ್ಲ."

"ನಿಮ್ಗೆ ಕನ್ನಡಕನೂ ಬಂದಿಲ್ಲ ಸಾರ್, ತೊಂಬತ್ತೂ ಬಂದಿಲ್ಲ," ಎನ್ನುತ್ತಿದ್ದಳು ಅವಳು. ದಾಕ್ಷಾಯಣಮ್ಮ ಒಳಗಿನಿಂದ ಕೇಳಿಸಿಕೊಂಡು ಮೆಚ್ಚುತ್ತಿದ್ದರು.

ಡಿಸೆಂಬರಿನಲ್ಲಿ ಇಬ್ಬರೂ ಪರೀಕ್ಷೆ ಬರೆದರು. ಕೀ ಬಂದ ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಎದುರು ಮನೆಯಲ್ಲಿ ಜಾತ್ರೆಯಂತೆ ಗದ್ದಲ ಎದ್ದಿತು. ಪ್ರಸನ್ನಕುಮಾರನಿಗೆ ತೊಂಬತ್ತು ಬಂದಿತ್ತು. ಒಂದೂ ಆಕ್ಷೇಪಣೆಯಿಲ್ಲದೆ, ಸರಿಯಾಗಿ ತೊಂಬತ್ತು. ಸುಮನಾ ಕುಚ್ಚು ಕಟ್ಟುತ್ತಿದ್ದ ಸೀರೆಯನ್ನು ಅಲ್ಲೇ ಬಿಟ್ಟು ಬೀದಿಗೆ ಬಂದಳು. ಹತ್ತು ಗಂಟೆಯ ಹೊತ್ತಿಗೆ ಇಂಪನಾ ಮನೆ ಮನೆಗೆ ಪೇಡ ಹಂಚಿಕೊಂಡು ದಾಕ್ಷಾಯಣಮ್ಮನವರ ಗೇಟಿಗೂ ಬಂದಳು.

"ಅಜ್ಜಿ, ನಮ್ಮಪ್ಪ ಪಾಸು!"

"ರಿಸಲ್ಟ್ ಬರ್ಲಿಲ್ವಲ್ಲೇ ಇನ್ನೂ. ಕೀ ತಾನೇ ಬಂದಿರೋದು."

"ಅಪ್ಪ ಎಣಿಸಿದ್ರೆ ತಪ್ಪಾಗಲ್ಲ ಅಜ್ಜಿ."

ಅದು ನಿಜ. ಎಣಿಸುವುದರಲ್ಲಿ ಅವನು ಅಪ್ಪನ ಮಗನೇ. ದಾಕ್ಷಾಯಣಮ್ಮ ಪೇಡ ತೆಗೆದುಕೊಂಡರು, ತಿನ್ನಲಿಲ್ಲ.

ಅದೇ ಹೊತ್ತಿಗೆ ಹಿಂದಿನ ಕೋಣೆಯಿಂದ ರಶ್ಮಿ ಕಾರ್ಬನ್ ಪ್ರತಿ ಹಿಡಿದು ಬಂದು ನಿಂತಳು. ಮುಖ ನೋಡಿದರೇ ಗೊತ್ತಾಗುತ್ತಿತ್ತು. ದಾಕ್ಷಾಯಣಮ್ಮ ಕೀಯನ್ನು ಪಕ್ಕದಲ್ಲಿಟ್ಟುಕೊಂಡು ಮೂರು ಸಲ ಎಣಿಸಿದರು. ಮೂರು ಸಲವೂ ಎಂಬತ್ತೊಂಬತ್ತು.

"ಎಲ್ಲಾದ್ರೂ ಕೀ ತಪ್ಪು ಅಂತ ಅನ್ಸುತ್ತಾ ನಿಂಗೆ?"

"ಒಂದೆರಡು ಕಡೆ ನಾನು ಓದಿದ್ದು ಬೇರೆ ಇತ್ತು ಅನ್ಸುತ್ತೆ ಮೇಡಂ. ಆದ್ರೆ ಕೀ ಕೊಟ್ಟೋರು ದೊಡ್ಡೋರಲ್ವಾ. ನಂದೇ ತಪ್ಪಿರುತ್ತೆ."

"ಹಾಗಾದ್ರೆ ಇನ್ನೊಂದು ಸಲ ಓದು. ಅವನ ಹಾಗೆ ಬೆಂಚ್ ಮೇಲೆ ಕೂತು ಬೇಡ್ಬೇಡ."

ಗಣಿತದವರಾದ ದಾಕ್ಷಾಯಣಮ್ಮ ಕೂಡಿದ್ದು ಸರಿಯಿದೆಯೇ ಎಂದಷ್ಟೇ ನೋಡಿದ್ದರು. ಉತ್ತರ ಸರಿಯಿದೆಯೇ ಎಂದು ನೋಡಿರಲಿಲ್ಲ. ಅಚ್ಚಾಗಿ ಬಂದದ್ದನ್ನು ನಂಬುವುದು ಅವರಿಗೂ ರೂಢಿಯಾಗಿತ್ತು.

ಆಕ್ಷೇಪಣೆಗೆ ಕೊನೆಯ ದಿನ ಶನಿವಾರ, ಸಂಜೆ ಐದೂವರೆಯವರೆಗೆ. ಶಾಲೆ ಅರ್ಧ ದಿನ. ರಶ್ಮಿ ಮಧ್ಯಾಹ್ನದ ಬಸ್ಸಿಗೆ ಕುಂಸಿಗೆ ಹೊರಟುಹೋದಳು, ಕೆಲಸ ಹೋಗುವ ಸುದ್ದಿಯನ್ನು ಮನೆಯಲ್ಲಿ ಎದುರಿಗೇ ಹೇಳಿಬರಲು. ನಾಲ್ಕೂಮುಕ್ಕಾಲಕ್ಕೆ ಪ್ರಸನ್ನಕುಮಾರ್ ದಾಕ್ಷಾಯಣಮ್ಮನವರ ಗೇಟು ತೆಗೆದ. ಅವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಮೇಡಂ, ಆ ಹಳೇ ಭೂಗೋಳದ ಪುಸ್ತಕ ಬೇಕಿತ್ತು. ನೀಲಿ ರಟ್ಟಿಂದು."

"ತೊಂಬತ್ತು ಬಂತಲ್ಲೋ, ಇನ್ನೇನು ನಿನ್ ಗೋಳು? ತೊಂಬತ್ತೊಂದು ಬೇಕಾ? ಫಸ್ಟ್ ರ್‍ಯಾಂಕಿಗೆ ಕಣ್ ಹಾಕಿದೀಯಾ?"

"ಬೇಗ ಕೊಡಿ ಮೇಡಂ, ಟೈಮಿಲ್ಲ."

ಇವನಿಗೆ ಸಾಕೆನ್ನುವುದೇ ಇಲ್ಲವಲ್ಲ ಎಂದುಕೊಳ್ಳುತ್ತಾ ಅವರು ಎದ್ದು ಬೀರು ತೆಗೆದರು. ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸಿಕೊಂಡೇ ಪುಸ್ತಕ ಕೊಟ್ಟರು. ಅವನು ಮೆಟ್ಟಿಲ ಮೇಲೆ ಕೂತು ಪುಟ ತಿರುವಿದ. ಅಕ್ಷರಗಳು ಸಣ್ಣವು, ಕಾಗದ ಹಳದಿಯಾಗಿತ್ತು. ಪುಸ್ತಕವನ್ನು ಕಣ್ಣಿನಿಂದ ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಅವರ ಕಡೆ ಚಾಚಿದ.

"ಇದೊಂದ್ ಪ್ಯಾರಾ ಓದ್ತೀರಾ? ನಂಗೆ ಕಾಣಿಸ್ತಿಲ್ಲ. ನಾನು ಟೈಪ್ ಮಾಡ್ತೀನಿ."

ಕನ್ನಡಕ ಇನ್ನೂ ಬಂದಿಲ್ಲವೆಂದು ಜಂಬಪಡುವವನ ಕಣ್ಣು ಇದು. ದಾಕ್ಷಾಯಣಮ್ಮ ಓದಿದರು. ಭೂಮಿಯು ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ. ಆದ್ದರಿಂದ ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರದಲ್ಲಿಯೂ ಜುಲೈ ಮೊದಲ ವಾರದಲ್ಲಿ ಅತಿ ದೂರದಲ್ಲಿಯೂ ಇರುತ್ತದೆ. ಓದಿ ಮುಗಿಸಿ, "ಏನಂತೆ ಪ್ರಶ್ನೆ?" ಎಂದರು.

"ನೂರ ಹದಿನೆಂಟನೇದು. ಭೂಮಿ ಸೂರ್ಯನಿಗೆ ಅತಿ ಹತ್ರ ಬರೋ ತಿಂಗಳು ಯಾವುದು ಅಂತ. ಕೀ ಜುಲೈ ಅಂತ ಕೊಟ್ಟಿದಾರೆ. ಉಲ್ಟಾ ಮಾಡಿದಾರೆ."

"ನಿನ್ ಬಳಗದೋರು ಯಾರೂ ನೋಡ್ಲಿಲ್ವಾ?"

"ಅವ್ರೆಲ್ಲಾ ಜುಲೈನೇ ಹಾಕಿರೋದು. ಬೇಸಿಗೆ ಅಂದ್ರೆ ಜೂನ್ ಜುಲೈ ಅಂತ ಗ್ಲೋಬಿನ ಪಾಠದಲ್ಲಿ ಓದಿರ್ತಾರಲ್ಲ, ಅದನ್ನೇ ಹಿಡ್ಕೊಂಡು ಹತ್ರ ಅಂದ್ಬಿಟ್ಟಿದಾರೆ. ಮಾರ್ಕ್ಸ್ ಬಂದ್ ಮೇಲೆ ಯಾರ್ ಕೇಳ್ತಾರೆ?"

"ಜುಲೈಯಲ್ಲಿ ಈ ಊರಲ್ಲಿ ಸೂರ್ಯನ ಮುಖ ಕಂಡೋರಿದಾರಾ! ಎಂಥಾ ಮೇಷ್ಟ್ರುಗಳಪ್ಪಾ," ಎಂದರು ದಾಕ್ಷಾಯಣಮ್ಮ. ಆಮೇಲೆ ಅವರಿಗೆ ಏನೋ ಹೊಳೆಯಿತು. "ನೀನ್ ಏನ್ ಹಾಕಿದ್ದೆ?"

ಅವನು ಪುಟದ ಫೋಟೊ ತೆಗೆಯುತ್ತಿದ್ದ. ತಲೆ ಎತ್ತಲಿಲ್ಲ.

"ಜುಲೈ. ಗೊತ್ತಿರ್ಲಿಲ್ಲ ಮೇಡಂ, ಸುಮ್ನೆ ಗುಂಡಿ ತುಂಬಿದ್ದು."

ದಾಕ್ಷಾಯಣಮ್ಮನವರ ಕೈಯಲ್ಲಿದ್ದ ಅವರೆಕಾಯಿ ಸುಲಿಯದೆ ಹಾಗೇ ಉಳಿಯಿತು. ಐವತ್ತು ವರ್ಷ ಲೆಕ್ಕ ಮಾಡಿದ ತಲೆಗೆ ಈ ಲೆಕ್ಕ ಮಾಡಲು ಏಕೋ ಹೊತ್ತು ಹಿಡಿಯಿತು.

"ಮತ್ತೆ ನಿಂಗೆ ಇದು ಹ್ಯಾಗೆ ಗೊತ್ತಾಯ್ತು?"

"ಬೆಳಗ್ಗೆ ಸ್ಟಾಫ್ ರೂಮಲ್ಲಿ ಆ ರಶ್ಮಿ ಮೂಗು ಒರೆಸ್ಕೋತಾ ಕೂತಿದ್ಲು. ಇಸ್ಕೊಂಡು ಅವಳ ಕಾರ್ಬನ್ ಕಾಪಿ ನೋಡ್ದೆ. ಜನವರಿ ತುಂಬಿದ್ಲು. ಯಾಕೆ ಅಂದೆ. ಓದಿದ್ದು ಹಂಗೇ ನೆನಪು ಸಾರ್, ಕೀ ಬೇರೆ ಇದೆ, ನಂದೇ ತಪ್ಪು ಅಂತಾಳೆ. ಬುದ್ಧಿ ಇಲ್ಲದ ಹೆಣ್ಣು! ಓದಿದ್ ಮೇಲೆ ಧೈರ್ಯ ಬೇಡ್ವಾ? ಈಗ ಫೋನ್ ಮಾಡಿದ್ರೆ ಎತ್ತಲ್ಲ. ಎಲ್ಲೋ ಅಳ್ತಾ ಕೂತಿರ್ತಾಳೆ."

"ಬೇರೆ ಎಲ್ಲಾದ್ರೂ ಕೀ ತಪ್ಪು ಸಿಕ್ತಾ? ನಿಂಗೆ ಒಂದ್ ಮಾರ್ಕ್ಸ್ ಬರೋ ಅಂಥದ್ದು?"

"ಕೀ ಬಂದಾಗಿಂದ ನಂಗೆ ತಪ್ಪಾದ ಅರವತ್ತೂ ಜಾಲಾಡಿದೀನಿ. ಈ ಸಲ ಪೇಪರ್ ತೆಗ್ದೋರು ಬಾಳ ಹುಷಾರು ಮೇಡಂ. ಇದೊಂದೇ."

"ಇದನ್ನ ಒಪ್ಕೊಂಡ್ರೆ ನಿಂಗೆ ಎಂಬತ್ತೊಂಬತ್ತು."

"ಕಳೆಯೋ ಲೆಕ್ಕ ನಂಗೂ ಬರುತ್ತೆ," ಎಂದ ಪ್ರಸನ್ನಕುಮಾರ್, ಮೊದಲ ಸಲ ಸ್ವಲ್ಪ ಗಡುಸಾಗಿ.

ಎದುರು ಮನೆಯ ಬಾಗಿಲಲ್ಲಿ ಸುಮನಾ ಯಾರದೋ ರೇಷ್ಮೆ ಸೀರೆಯ ಸೆರಗನ್ನು ಮಡಿಲ ಮೇಲೆ ಹರಡಿಕೊಂಡು ಕೂತಿದ್ದಳು. ಪೇಡ ಹಂಚಿ ಆರು ದಿನವಾಗಿತ್ತು. ದಾಕ್ಷಾಯಣಮ್ಮ ಅವಳ ಕಡೆ ನೋಡಿದರು, ಆಮೇಲೆ ಇವನ ಕಡೆ. ಇದರಲ್ಲಿ ಇವನ ಲಾಭ ಎಲ್ಲಿದೆಯೆಂದು ಅವರ ಮನಸ್ಸು ಹುಡುಕುತ್ತಲೇ ಇತ್ತು. ತಪ್ಪು ಕೀಯನ್ನು ಕಂಡು ಬಿಡಲಾಗದ ಚಾಳಿಯೇ? ಅಷ್ಟೇ ಇರಬಹುದು. ಆದರೆ ಸವಳಂಗ ರಸ್ತೆಯ ಬೆಂಚಿನ ಮೇಲೆ ಅವನು ಬಿಟ್ಟುಬಿಟ್ಟಿದ್ದನಲ್ಲ, ಅದೂ ಎಷ್ಟು ಸಲೀಸಾಗಿ.

"ಸುಮನಾಗೆ ಹೇಳಿದೀಯಾ?"

"ಇಲ್ಲ." ಅವನು ಅರ್ಜಿಯ ಕೊನೆಯ ಸಾಲು ಟೈಪ್ ಮಾಡುತ್ತಿದ್ದ. "ನಿಮ್ ಓದೋ ಹುಡುಗಿ ಸೋಮವಾರ ಬಂದಾಗ ಹೇಳ್ಬಿಡಿ ಮೇಡಂ. ಬರೀ ಓದಿದ್ರೆ ಸಾಲಲ್ಲ ಅಂತ. ನಾನ್ ಹೇಳಿದ್ರೆ ನಗ್ತಾಳೆ."

ಐದು ಗಂಟೆ ಹತ್ತು ನಿಮಿಷ. ಸಲ್ಲಿಸಿದ ಮೇಲೆ ಹಿಂತೆಗೆದುಕೊಳ್ಳಲು ಬರುವುದಿಲ್ಲ, ಖಚಿತವೇ ಎಂದು ಫೋನು ಕೇಳುತ್ತಿತ್ತು. ಕೆಳಗೆ ಹೌದು, ಇಲ್ಲ ಎಂದು ಎರಡು ಚೌಕಗಳು. ಪ್ರಸನ್ನಕುಮಾರ್ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ. ಎದುರು ಮನೆಯ ಕಡೆ ಒಮ್ಮೆ ನೋಡಿದ. ಆಮೇಲೆ ಹೌದು ಎಂಬುದನ್ನು ಒತ್ತಿ, ಫೋನನ್ನು ಜೇಬಿಗೆ ಹಾಕಿಕೊಂಡು, ನೀಲಿ ರಟ್ಟಿನ ಪುಸ್ತಕವನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದ.

"ವಾಪಸ್ ಬಂತು ಅಂತ ಬರ್ಕೊಳ್ಳಿ ಮೇಡಂ. ಆಮೇಲೆ ಕೊಟ್ಟಿಲ್ಲ ಅಂದ್ಬಿಟ್ಟೀರ."